ಜೊತೆಗೆ ಬರುವವರು ಯಾರ ಕಡೆಯವರು?

ಹೆಣ್ಣುಮಗಳು ಹೊರಗೆ ಹೊರಟರೆ ಹಿಂದೆ ತಮ್ಮನನ್ನು ಅಟ್ಟುವ ಪದ್ಧತಿ ನಮ್ಮಲ್ಲಿ ಹಳೆಯದು. ಹತ್ತು ವರ್ಷದ ಹುಡುಗ ಇಪ್ಪತ್ತರ ಅಕ್ಕನನ್ನು ಯಾವ ಆಪತ್ತಿನಿಂದ ಪಾರುಮಾಡಿಯಾನು ಎಂದು ಯಾರೂ ಕೇಳುತ್ತಿರಲಿಲ್ಲ. ಕಂಡದ್ದನ್ನು ಮನೆಗೆ ಬಂದು ಒಪ್ಪಿಸಿದರೆ ಅವನ ಕೆಲಸ ಮುಗಿಯಿತು. ಯುರೋಪಿನ ಸಿರಿವಂತರ ಮನೆಗಳಲ್ಲಿ ತರುಣಿಯರ ಜೊತೆಗೆ ಹೋಗುತ್ತಿದ್ದ ಶಾಪರೋನ್ ಕೂಡ ಬಹುಪಾಲು ಇದೇ ಚಾಕರಿಯವಳು. ಜೊತೆಗೆ ಹೋಗುವವರು ಕಳುಹಿಸಿದವರ ಕಡೆಯೋ, ಜೊತೆ ಬೇಕಾದವರ ಕಡೆಯೋ ಎಂಬುದು ಇತ್ಯರ್ಥವಾಗದೆ ಎಷ್ಟು ಕಾವಲಿಟ್ಟರೂ ದಂಡ ಎಂಬುದು ನನ್ನ ಎಣಿಕೆ.

ಕಲ್ಯಾಣ್, ಡೊಂಬಿವಲಿಯಿಂದ ಮುಂಬಯಿಗೆ ಹೋಗುವ ಲೋಕಲ್ ಗಾಡಿಗಳ ಲೇಡೀಸ್ ಡಬ್ಬಾ ನೋಡಿ. ಬೆಳಗಿನ ನೂಕುನುಗ್ಗಲಿನಲ್ಲಿ ಅಲ್ಲಿ ಕಾವಲಿಗಿಂತ ಹೆಚ್ಚು ನೆರವಾಗುವುದು ದಿನವೂ ಅದೇ ಗಾಡಿ ಹಿಡಿಯುವ ಗುಂಪು. ಜಾಗ ಹಿಡಿದಿಡುವುದು, ಬಾರದವಳಿಗೆ ಫೋನು ಮಾಡುವುದು, ಸಂಜೆ ಮರಳುವಾಗ ಸೊಪ್ಪು ಬಿಡಿಸುತ್ತ ಕಷ್ಟಸುಖ ಮಾತಾಡುವುದು ಎಲ್ಲ ಅವರವರಲ್ಲೇ. (ಹೊಸಬರನ್ನು ಸೀಟಿನಿಂದ ಎಬ್ಬಿಸುವ ದರ್ಬಾರೂ ಉಂಟು, ಆ ಮಾತು ಬೇರೆ.) ಇವರನ್ನು ಯಾರೂ ನೇಮಿಸಿಲ್ಲ, ಇವರು ಯಾರಿಗೂ ವರದಿ ಒಪ್ಪಿಸಬೇಕಿಲ್ಲ. ಡಬ್ಬಾ ಬರಿದಾಗುವ ರಾತ್ರಿಗಳಲ್ಲಿ ಪೊಲೀಸರು ಬೇಕು, ನಿಜ. ನವಿ ಮುಂಬಯಿಯ ಐರೋಲಿ, ಮಹಾಪೆಗಳ ಕಂಪನಿಗಳ ರಾತ್ರಿ ಪಾಳಿಗೂ ರಕ್ಷಣೆ ಬೇಕು. ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆ ರಾತ್ರಿ 9.30ರ ಮೇಲೆ ಹೆಂಗಸರ ದುಡಿಮೆಗೆ ಒಪ್ಪುವಾಗ ಮನೆಬಾಗಿಲವರೆಗಿನ ವಾಹನವನ್ನು ಮಾಲೀಕನ ತಲೆಗೆ ಕಟ್ಟಿದೆ. ಆದರೆ ಅದೇ ಕಾಯಿದೆಯಂತೆ ಮೊದಲು ಬೇಕಾದದ್ದು ದುಡಿಯುವವಳ ಒಪ್ಪಿಗೆ. ಅಣ್ಣತಮ್ಮಂದಿರ ಕಾವಲಿನಲ್ಲಿ ಇಲ್ಲದ್ದು ಈ ಒಪ್ಪಿಗೆಯೇ.

ದೊಡ್ಡವರಿಗೆ ಇದು ಸರಿ, ನಾಲ್ಕು ವರ್ಷದ ಮಗು ಏನೆಂದು ಒಪ್ಪೀತು ಎಂದು ಕೇಳಬಹುದು. ಗಟ್ಟಿ ಪ್ರಶ್ನೆ. ಥಾಣೆ ಜಿಲ್ಲೆಯ ಬದ್ಲಾಪುರದಲ್ಲಿ 2024ರ ಆಗಸ್ಟ್‌ನಲ್ಲಿ ಶಾಲೆಯ ಸ್ವಚ್ಛತಾ ನೌಕರನೊಬ್ಬನ ಮೇಲೆ ಇಬ್ಬರು ಪುಟ್ಟ ಬಾಲಕಿಯರ ಲೈಂಗಿಕ ದೌರ್ಜನ್ಯದ ಆರೋಪ ಬಂದಾಗ, 20ರಂದು ಜನ ರೈಲು ಹಳಿಗಿಳಿದು ಗಂಟೆಗಟ್ಟಲೆ ಗಾಡಿ ತಡೆದರು. ಶಾಲೆ ಅಮಾನತು ಮಾಡಿದವರಲ್ಲಿ ಮಹಿಳಾ ಸಹಾಯಕಿಯೊಬ್ಬರೂ ಇದ್ದರು. ಎಂದರೆ ಹುದ್ದೆಯೇನೋ ಇತ್ತು, ಹೊತ್ತಿಗೆ ಒದಗಲಿಲ್ಲ. ಮಕ್ಕಳು ಬಾಯಿಬಿಟ್ಟದ್ದು ಮನೆಯವರ ಮುಂದೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಯುವ 2012ರ ಪೋಕ್ಸೊ ಕಾಯಿದೆಯ 27ನೇ ಕಲಮಿಗೆ ಈ ಸೂಕ್ಷ್ಮ ಗೊತ್ತಿದೆ: ವೈದ್ಯಕೀಯ ತಪಾಸಣೆಯ ವೇಳೆ ಹತ್ತಿರ ಇರಬೇಕಾದವರು ತಂದೆ ಅಥವಾ ತಾಯಿ, ಇಲ್ಲವೇ ಮಗು ನಂಬುವ ಇನ್ನೊಬ್ಬರು. ಅವರು ಸಿಗದಿದ್ದರೆ ಮಾತ್ರ ಆಸ್ಪತ್ರೆ ಗೊತ್ತುಮಾಡಿದ ಹೆಂಗಸು. ಒಪ್ಪಿಗೆ ಹೇಳಲಾರದ ಮಗುವಿಗೂ ನಂಬಿಕೆಯೆಂಬುದು ಇದೆಯೆಂದು ಕಾನೂನೇ ಲೆಕ್ಕಕ್ಕೆ ಹಿಡಿದಿದೆ.

ಸಿಸಿಟಿವಿ ಇದ್ದರೆ ಈ ತಲೆನೋವೇ ಇಲ್ಲ ಎನ್ನುವವರಿದ್ದಾರೆ. ಕ್ಯಾಮೆರಾ ಸಾಕ್ಷಿಗೆ ಬಂದೀತು, ಮಗುವಿನ ಕೈ ಹಿಡಿಯದು. ಶೌಚಾಲಯದೊಳಗೆ ಅದನ್ನು ಇಡುವಂತೆಯೂ ಇಲ್ಲ. ಶಾಲೆಗೆ ಸೇರಿಸುವಾಗ ಕ್ಯಾಮೆರಾ ಎಷ್ಟಿವೆ ಎಂದು ವಿಚಾರಿಸುವ ಹೆತ್ತವರು, ಮಗುವನ್ನು ಶೌಚಾಲಯಕ್ಕೆ ಕರೆದೊಯ್ಯುವ ಆಯಾ ಯಾರು, ಆಕೆಯ ಸಂಬಳ ಎಷ್ಟು, ಆಕೆ ರಜೆ ಹಾಕಿದ ದಿನ ಇನ್ಯಾರು ಎಂದೂ ವಿಚಾರಿಸಲಿ.