ಟವೆಲ್ ಹಾಕಿದ ಸೀಟು

ಕೈಗವಸು ಹಾಕಿಕೊಂಡು ಮೇಜಿನ ಹತ್ತಿರ ಬನ್ನಿ. ನಿಮ್ಮ ಮುಂದಿರುವ ಪ್ಲಾಸ್ಟಿಕ್ ತಟ್ಟೆಯಲ್ಲಿ 96 ಪುಟ್ಟ ಗುಳಿಗಳಿವೆ. ಅಫೀಮಿನಂಥ ಅಣುಗಳು ಬಂದು ಕೂರುವ ಸೀಟುಗಳು, ಅಂದರೆ ಮನುಷ್ಯರ ಅಫೀಮು ರಿಸೆಪ್ಟರ್‌ಗಳು ಮೈಮೇಲೆ ಮೂಡುವಂತೆ ಜೀನ್ ಸೇರಿಸಿ ಬೆಳೆಸಿದ ಜೀವಕೋಶಗಳನ್ನು ಅರೆದು, ಪೊರೆಯನ್ನಷ್ಟೇ ಉಳಿಸಿಕೊಂಡು ಈ ಗುಳಿಗಳಿಗೆ ಹಂಚಿದ್ದಾಗಿದೆ. ಅದರ ಮೇಲೆ ವಿಕಿರಣ ಸೂಸುವ ಒಂದು ಸಂಯುಕ್ತವೂ ಬಿದ್ದಿದೆ. ಅದು ಹೋಗಿ ರಿಸೆಪ್ಟರ್‌ಗಳ ಮೇಲೆ ಕೂತಿದೆ. ಈಗ ಪಿಪೆಟ್ ನಿಮ್ಮ ಕೈಯಲ್ಲಿ. ಹೊಸ ಔಷಧವನ್ನು ಮೊದಲ ಗುಳಿಗೆ ತೀರ ತೆಳುವಾಗಿ, ಮುಂದಿನದಕ್ಕೆ ತುಸು ಗಟ್ಟಿಯಾಗಿ, ಹೀಗೆ ಸಾಲಿನುದ್ದಕ್ಕೂ ಹೆಚ್ಚಿಸುತ್ತ ಹಾಕಿ. ಹೊಸದು ಬಂದು ಕೂತಲ್ಲೆಲ್ಲ ಹಳೆಯದು ಏಳಬೇಕು. ತೊಳೆದಾಗ ಎದ್ದದ್ದು ಸೋಸಿಹೋಗುತ್ತದೆ, ಎಣಿಕೆಯಂತ್ರದ ಅಂಕಿ ಇಳಿಯುತ್ತದೆ. ಎಷ್ಟು ತೆಳುವಾದ ದ್ರಾವಣಕ್ಕೇ ಅಂಕಿ ಇಳಿಯಿತು ಎನ್ನುವುದನ್ನು ನೀವು ನೋಡಬೇಕು.

ನಾವಿರುವುದು ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ, ಎಲಿ ಲಿಲ್ಲಿ ಔಷಧ ಕಂಪನಿಯ ಊರಿನಲ್ಲಿ. ಈ ಕೊಠಡಿಯನ್ನು ಕಲ್ಪಿಸಿ ಕಟ್ಟಿದವನು ನಾನು. ಔಷಧದ ಅಂಕಿಗಳು ಮಾತ್ರ ಆ ಕಂಪನಿಯ ವಿಜ್ಞಾನಿಗಳು 2014ರಲ್ಲಿ ‘ನ್ಯೂರೋಫಾರ್ಮಕಾಲಜಿ’ ಪತ್ರಿಕೆಯಲ್ಲಿ ಪ್ರಕಟಿಸಿದವು. ಸೀಸೆಯ ಮೇಲಿನ ಚೀಟಿಯಲ್ಲಿ ಎಲ್‌ವೈ 2456302 ಎಂದಿದೆ. ಮುಂದೆ ಕೈಯಿಂದ ಕೈಗೆ ಹೋಗಿ ಇದಕ್ಕೆ ಅಟಿಕಾಪ್ರಾಂಟ್ ಎಂಬ ಹೆಸರು ಬರಲಿದೆ.

ಯಂತ್ರ ಕಾಗದ ಉಗುಳಿತು, ಓದಿ. ಮಿದುಳಿನಲ್ಲಿ ಅಫೀಮಿನ ರಿಸೆಪ್ಟರ್‌ಗಳು ಮುಖ್ಯವಾಗಿ ಮೂರು ಬಗೆ: ಮ್ಯೂ, ಡೆಲ್ಟಾ, ಕಪ್ಪಾ. ಮಾರ್ಫಿನ್ನಿನ ಸುಖ, ಚಟ, ನೋವು ಮರೆಸುವ ಗುಣ ಎಲ್ಲ ಹೆಚ್ಚಾಗಿ ಮ್ಯೂದು. ನಮ್ಮ ಔಷಧ ಕಪ್ಪಾವನ್ನು ಹಿಡಿಯಲು ಬೇಕಾದ ಪ್ರಮಾಣ 0.807 ನ್ಯಾನೋಮೋಲಾರ್. ಮ್ಯೂ ಹಿಡಿಯಲು 24, ಡೆಲ್ಟಾಕ್ಕೆ 155. ಅಂಕಿ ಸಣ್ಣದಾದಷ್ಟೂ ಹಿಡಿತ ಬಿಗಿ. ಎಂದರೆ ಮ್ಯೂಗಿಂತ ಸುಮಾರು 30 ಪಟ್ಟು ಕಪ್ಪಾದ ಕಡೆಗೇ ಇದರ ಒಲವು. ಮತ್ತು ಹಿಡಿದ ಮೇಲೆ ಇದು ಏನೂ ಮಾಡುವುದಿಲ್ಲ. ಆ ರಿಸೆಪ್ಟರನ್ನು ಚಾಲೂ ಮಾಡುವುದಿಲ್ಲ. ಹಬ್ಬದ ಹಿಂದಿನ ದಿನ ಬಸ್ ಸ್ಟ್ಯಾಂಡಿನಲ್ಲಿ ನಿಂತು ಗೊತ್ತಿದ್ದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಿಟಕಿಯಿಂದ ತೂರಿ ಬಂದ ಟವೆಲ್ ತಾನು ಪ್ರಯಾಣ ಮಾಡುವುದಿಲ್ಲ, ಬೇರೆಯವರನ್ನು ಕೂರಲು ಬಿಡುವುದಿಲ್ಲ, ಅಷ್ಟೇ.

ಹಾಗಾದರೆ ಆ ಸೀಟಿಗೆ ಬರಬೇಕಾಗಿದ್ದ ಪ್ರಯಾಣಿಕ ಯಾರು? ಮೇಜು ಬಿಟ್ಟು ಸ್ವಲ್ಪ ಹಿಂದಕ್ಕೆ ಹೋಗಿಬರೋಣ.

1979, ಸ್ಟ್ಯಾನ್‌ಫರ್ಡ್. ಅವ್ರಮ್ ಗೋಲ್ಡ್‌ಸ್ಟೀನ್ ಮತ್ತು ಸಂಗಡಿಗರು ಹಂದಿಗಳ ಪಿಟ್ಯೂಟರಿ ಗ್ರಂಥಿಯ ಸಾರದಿಂದ ಒಂದು ಪೆಪ್ಟೈಡನ್ನು ಬೇರ್ಪಡಿಸುತ್ತಿದ್ದಾರೆ. ಅದರ ಬಲ ಕಂಡು ಬೆರಗಾಗಿ ಡೈನಾರ್ಫಿನ್ ಎಂದು ಕರೆಯುತ್ತಾರೆ. ದೇಹ ತಾನೇ ತಯಾರಿಸಿಕೊಳ್ಳುವ ಅಫೀಮಿನ ಬಂಧು. ಕಪ್ಪಾ ಸೀಟಿನ ಸಹಜ ಹಕ್ಕುದಾರ. ಅಫೀಮು ಎಂದರೆ ಸುಖ ಎಂದು ತಿಳಿದವರಿಗೆ ಮುಂದಿನ ನಿಲ್ದಾಣ ಆಘಾತ. 1986, ಮ್ಯೂನಿಕ್. ಆರೋಗ್ಯವಂತ ಗಂಡಸರು ಸ್ವಯಂಸೇವಕರಾಗಿ ಬಂದಿದ್ದಾರೆ, ಅವರಿಗೆ ಕಪ್ಪಾವನ್ನು ಚಾಲೂ ಮಾಡುವ ಔಷಧ ಕೊಡಲಾಗಿದೆ. ಸುಖದ ಸುಳಿವೂ ಇಲ್ಲ. ಮನಸ್ಸು ಕಹಿಯಾಗುತ್ತದೆ, ಕಂಡದ್ದು ಕಂಡಂತಿರುವುದಿಲ್ಲ, ತಮ್ಮ ಮೇಲೆ ತಮಗೆ ಹಿಡಿತ ತಪ್ಪಿದಂತಾಗುತ್ತದೆ. ಅಫೀಮಿನ ಪರಿಣಾಮ ತಡೆಯುವ ನಲಾಕ್ಸೋನ್ ಕೊಟ್ಟರೆ ಎಲ್ಲ ತಿಳಿಯಾಗುತ್ತದೆ. ಆ ವರದಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಒಂದೇ ಅಫೀಮಿನ ಮನೆತನದಲ್ಲಿ ಒಬ್ಬ ನಗಿಸುವವನು, ಇನ್ನೊಬ್ಬ ಕೊರಗಿಸುವವನು ಎಂದು ಆಗ ಸ್ಪಷ್ಟವಾಯಿತು.

ಈಗ ಸಿಯಾಟಲ್, ವಾಷಿಂಗ್ಟನ್ ವಿಶ್ವವಿದ್ಯಾಲಯ. ಚಾರ್ಲ್ಸ್ ಚಾವ್ಕಿನ್ ಅವರ ಪ್ರಯೋಗಾಲಯದಲ್ಲಿ ಚಿಟ್ಟಿಲಿಯೊಂದನ್ನು ನೀರಿಗೆ ಬಿಡುತ್ತಾರೆ: ಮೊದಲ ದಿನ 15 ನಿಮಿಷ, ಮರುದಿನ ಬಿಡುವು ಕೊಟ್ಟು 6 ನಿಮಿಷದಂತೆ ನಾಲ್ಕು ಸಲ. ಪಾರಾಗುವ ದಾರಿಯಿಲ್ಲ. ಈಜುವಾಗ ಒಂದು ವಾಸನೆ ಸುಳಿಯುವಂತೆ ಮಾಡಿದ್ದಾರೆ. ಆಮೇಲೆ ಒಣಗಿ ಬೆಚ್ಚಗಾದ ಚಿಟ್ಟಿಲಿಗೆ ಅದೇ ವಾಸನೆ ತೋರಿಸಿ ನೋಡಿ. ಅತ್ತ ಕಾಲಿಡಲು ಅದು ಒಲ್ಲದು. ಆದರೆ ಡೈನಾರ್ಫಿನ್ ಜೀನನ್ನೇ ತೆಗೆದುಹಾಕಿದ ಚಿಟ್ಟಿಲಿಗೆ ಆ ವಾಸನೆಯ ಹಗೆ ಇಲ್ಲ. ಕಪ್ಪಾವನ್ನು ಮೊದಲೇ ಮುಚ್ಚಿ ಈಜಿಗೆ ಬಿಟ್ಟ ಚಿಟ್ಟಿಲಿಗೂ ಇಲ್ಲ. 2008ರ ಈ ಕೆಲಸ ನನಗೆ ಈ ಇಡೀ ಕಥೆಯಲ್ಲಿ ಅತ್ಯಂತ ನಂಬಿಕೆ ಹುಟ್ಟಿಸುವ ಭಾಗ. ಒತ್ತಡದ ಪೆಟ್ಟು ಬೇರೆ, ಒತ್ತಡದ ಕಹಿ ಬೇರೆ. ಕಹಿಯನ್ನು ಬರೆದಿಡುವ ಕೈ ಡೈನಾರ್ಫಿನ್‌ನದು ಎಂದು ಅದು ತೋರಿಸುತ್ತದೆ. ಮಿದುಳಿನ ನ್ಯೂಕ್ಲಿಯಸ್ ಅಕ್ಯುಂಬೆನ್ಸ್ ಎಂಬ ಭಾಗದಲ್ಲಿ, ಹುರುಪು ಹುಟ್ಟಿಸುವ ಡೋಪಮಿನ್ ಸುರಿಸುವ ನರಗಳ ತುದಿಯಲ್ಲಿ ಕಪ್ಪಾ ಕೂತಿದೆ. ಡೈನಾರ್ಫಿನ್ ಬಂದು ಅದನ್ನು ಒತ್ತಿದರೆ ಡೋಪಮಿನ್ ಸುರಿಯುವುದು ಕಡಿಮೆಯಾಗುತ್ತದೆ. ಊಟ, ಆಟ, ಸಂಗ ಯಾವುದೂ ರುಚಿಸದ ಸ್ಥಿತಿ ಇದರಿಂದಲೇ ಬರಬಹುದೆಂಬ ಊಹೆ ಹುಟ್ಟಿದ್ದು ಹೀಗೆ.

ಕಪ್ಪಾವನ್ನು ಮುಚ್ಚುವ ಔಷಧಗಳು ಆಗಲೇ ಇದ್ದವಲ್ಲ ಎಂದು ನೀವು ಕೇಳಬಹುದು. ಇದ್ದವು. ಮಿನ್ನೆಸೋಟದಲ್ಲಿ ಫಿಲಿಪ್ ಪೋರ್ಟೊಗೀಸ್ 1987ರ ಹೊತ್ತಿಗೇ ನಾರ್-ಬಿಎನ್‌ಐ ಎಂಬುದನ್ನು ತಯಾರಿಸಿದ್ದರು. ಉತ್ತರ ಕೆರೊಲಿನಾದಲ್ಲಿ ಐವಿ ಕ್ಯಾರಲ್ ಅವರ ತಂಡ ಜೆಡಿಟಿಕ್ ಅನ್ನು ರೂಪಿಸಿತ್ತು. ಎರಡರದ್ದೂ ಒಂದೇ ರೋಗ: ಒಂದು ಸೂಜಿಮದ್ದು ಕೊಟ್ಟರೆ ವಾರಗಟ್ಟಲೆ ಇಳಿಯುವುದಿಲ್ಲ. ಔಷಧದ ಕಣ ಹೋದಮೇಲೂ ರಿಸೆಪ್ಟರ್ ಸುಮ್ಮನಿರುತ್ತದೆ. ಜೀವಕೋಶದ ಒಳಗೆ ಜೆಎನ್‌ಕೆ ಎಂಬ ಕಿಣ್ವವನ್ನು ಎಬ್ಬಿಸಿ ಬಾಗಿಲು ಜಡಿಸಿಬಿಡುತ್ತವೆ ಎಂದು ಸಿಯಾಟಲ್‌ನವರೇ ತೋರಿಸಿದರು. ಇಲಿಗೆ ಇದು ಸರಿ. ಮನುಷ್ಯನಿಗೆ ಬೇಡದ ಪರಿಣಾಮ ಕಾಣಿಸಿದರೆ ಮಾತ್ರೆ ನಿಲ್ಲಿಸಿ ಎಂದು ಹೇಳಿ ಏನು ಪ್ರಯೋಜನ? ಜೆಡಿಟಿಕ್ ಮನುಷ್ಯರ ಮೊದಲ ಪರೀಕ್ಷೆಯವರೆಗೆ ಹೋಯಿತು. ಸ್ವಯಂಸೇವಕರಲ್ಲಿ ಹೃದಯದ ಬಡಿತ ಸ್ವಲ್ಪ ಹೊತ್ತು ಲಯ ತಪ್ಪಿದ್ದು ಕಂಡು ಅಲ್ಲಿಗೇ ನಿಂತಿತು.

ಆದ್ದರಿಂದ ಇಂಡಿಯಾನಾಪೊಲಿಸ್‌ಗೆ ಬೇಕಾಗಿದ್ದದ್ದು ಬಾಯಲ್ಲಿ ನುಂಗಬಹುದಾದ, ಬೇಗ ಬಂದು ತಕ್ಕ ಸಮಯಕ್ಕೆ ಎದ್ದು ಹೋಗುವ ಟವೆಲ್. ಹಿಂದಿರುಗಿ ಬನ್ನಿ, ಪ್ರಾಣಿಗಳ ಕೊಠಡಿಗೆ ಹೋಗೋಣ. ಮರದ ಹೊಟ್ಟಿನ ವಾಸನೆ, ಫ್ಯಾನಿನ ಒಂದೇ ಸಮನೆಯ ಸದ್ದು. ಎಡಗೈಯಲ್ಲಿ ಕತ್ತಿನ ಚರ್ಮ ಹಿಡಿದು ಚಿಟ್ಟಿಲಿಯನ್ನು ಎತ್ತಿ, ಬಾಗಿದ ಮೊಂಡು ಸೂಜಿಯನ್ನು ಬಾಯಿಯ ಪಕ್ಕದಿಂದ ಮೆಲ್ಲಗೆ ಇಳಿಸಿ ಔಷಧವನ್ನು ನೇರ ಹೊಟ್ಟೆಗೆ ಬಿಡಬೇಕು. ಒತ್ತಬಾರದು, ಸರಿಯಾದ ದಾರಿಯಾದರೆ ಸೂಜಿ ತನ್ನ ಭಾರಕ್ಕೇ ಇಳಿಯುತ್ತದೆ. ಒಂದೆರಡು ಗಂಟೆಯಲ್ಲಿ ರಕ್ತದಲ್ಲಿ ಔಷಧ ಶಿಖರ ಮುಟ್ಟುತ್ತದೆ. ನುಂಗಿದ್ದರಲ್ಲಿ ಸುಮಾರು ಕಾಲುಭಾಗ ಮೈಗೆ ಹತ್ತುತ್ತದೆ, ಬಾಯಿಮಾತ್ರೆಗೆ ಅದು ಸಾಕು.

ಮುಂದಿನ ಕೆಲಸ ಹೊಟ್ಟೆ ತೊಳಸುವಂಥದ್ದು, ಆದರೆ ಇಡೀ ಯೋಜನೆಯ ಜೀವ ಇಲ್ಲಿದೆ. ಔಷಧ ಕುಡಿದ ಪ್ರಾಣಿಯ ಬಾಲದ ರಕ್ತನಾಳಕ್ಕೆ ಕಪ್ಪಾವನ್ನೇ ಹುಡುಕಿ ಹೋಗುವ ಗುರುತಿನ ಅಣುವನ್ನು ಚುಚ್ಚುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ಪ್ರಾಣಿಯನ್ನು ಕೊಂದು, ಮಿದುಳನ್ನು ಮಂಜುಗಡ್ಡೆಯ ಮೇಲಿಟ್ಟು ಬೇಕಾದ ಭಾಗವನ್ನು ಕತ್ತರಿಸಿ ತೆಗೆಯುತ್ತಾರೆ. ಗುರುತಿನ ಅಣುವಿಗೆ ಎಷ್ಟು ಸೀಟು ಸಿಕ್ಕಿತು? ಸಿಗದೆ ಹೋದವು ಎಷ್ಟೋ ಅಷ್ಟನ್ನು ನಮ್ಮ ಔಷಧ ಹಿಡಿದಿತ್ತು. ಉತ್ತರ ಬಂತು: ದೇಹತೂಕದ ಕಿಲೋಗೆ 0.33 ಮಿಲಿಗ್ರಾಂ ಕುಡಿಸಿದರೆ ಕಪ್ಪಾ ಸೀಟುಗಳಲ್ಲಿ ಅರ್ಧ ತುಂಬುತ್ತವೆ. ಕಿಲೋಗೆ 30 ಮಿಲಿಗ್ರಾಂ ಕೊಟ್ಟರೂ ಮ್ಯೂ, ಡೆಲ್ಟಾ ಸೀಟುಗಳು ಖಾಲಿಯೇ. ತಟ್ಟೆಯ ಗುಳಿಯಲ್ಲಿ 30 ಪಟ್ಟು ಇದ್ದ ಅಂತರ ಜೀವಂತ ಮಿದುಳಿನಲ್ಲಿ ಇನ್ನೂ ಅಗಲವಾಯಿತು. ಔಷಧಶಾಸ್ತ್ರದವರು ಇಂಥ ಅಂಕಿ ಕಂಡರೆ ಮದುವೆಮನೆಯ ಸಂಭ್ರಮ ಪಡುತ್ತಾರೆ, ಪಡಬೇಕಾದದ್ದೇ.

ಸೀಟು ತುಂಬಿದ್ದು ಸರಿ, ಅದರಿಂದ ಏನಾದರೂ ನಡೆಯಿತೇ ಎಂದು ಕೇಳಲು ಎರಡು ಪರೀಕ್ಷೆ. ಕಪ್ಪಾವನ್ನು ಒತ್ತುವ ಔಷಧ ನೋವು ಮರೆಸುತ್ತದೆ. ನಮ್ಮದನ್ನು ಮೊದಲೇ ಕೊಟ್ಟರೆ ಆ ಮರೆವು ಬರುವುದಿಲ್ಲ. ಇನ್ನೊಂದು: ದೊಡ್ಡ ಸದ್ದಿಗೆ ಮುಂಚೆ ಸಣ್ಣ ಸದ್ದು ಕೇಳಿಸಿದರೆ ಪ್ರಾಣಿ ಕಡಿಮೆ ಬೆಚ್ಚುತ್ತದೆ. ಕಪ್ಪಾ ಒತ್ತಿದಾಗ ಈ ಹದ ಕೆಡುತ್ತದೆ, ನಮ್ಮ ಔಷಧ ಅದನ್ನು ಸರಿಪಡಿಸಿತು. ಮ್ಯೂದ ಕೆಲಸಗಳಿಗೆ ಮಾತ್ರ ಕಿಲೋಗೆ 10 ಮಿಲಿಗ್ರಾಂ ಮೀರಿದರೂ ಅಡ್ಡಬರಲಿಲ್ಲ.

ಈಗ ಗಾಜಿನ ಕೊಳವೆ. ಖಿನ್ನತೆಯ ಔಷಧಗಳನ್ನು ಪರೀಕ್ಷಿಸಲು ರೋಜರ್ ಪೊರ್ಸೊಲ್ಟ್ 1977ರಲ್ಲಿ ಹಾಕಿಕೊಟ್ಟ ದಾರಿ. ಅಗಲವಾದ ಗಾಜಿನ ಪಾತ್ರೆಯಲ್ಲಿ ಸುಮಾರು 24 ಡಿಗ್ರಿಯ ನೀರು. ಚಿಟ್ಟಿಲಿಯ ಬಾಲ ತಳ ಮುಟ್ಟದಷ್ಟು ಆಳ, ಅಂಚು ಹತ್ತಲಾಗದಷ್ಟು ಎತ್ತರ. ಬಾಲ ಹಿಡಿದು ಬಿಡಿ, ಗಡಿಯಾರ ಒತ್ತಿ. ಮೊದಲು ಬಿರುಸಾದ ಈಜು, ಗೋಡೆಗೆ ಪರಚಾಟ. ಎರಡು ನಿಮಿಷ ಲೆಕ್ಕಕ್ಕಿಲ್ಲ. ಉಳಿದ ನಾಲ್ಕು ನಿಮಿಷ ನೀವು ರೆಪ್ಪೆ ಮಿಟುಕಿಸುವಂತಿಲ್ಲ. ಕಾಲು ನಿಂತಿತು, ಮೂಗು ಮಾತ್ರ ಮೇಲೆ. ಎಣಿಸಿ. ಮತ್ತೆ ಒದೆಯಿತು, ನಿಲ್ಲಿಸಿ. ಆರು ನಿಮಿಷ ಮುಗಿದರೆ ಎತ್ತಿ, ಬಟ್ಟೆಯಿಂದ ಒರೆಸಿ, ಬೆಚ್ಚಗಿನ ಗೂಡಿಗೆ ಬಿಡಿ. ಔಷಧ ಕುಡಿದವು ಕಡಿಮೆ ಹೊತ್ತು ತೇಲಿದವು, ಹೆಚ್ಚು ಹೊತ್ತು ಒದ್ದವು. ಖಿನ್ನತೆಯ ಹಳೆಯ ಔಷಧಗಳಾದ ಇಮಿಪ್ರಮಿನ್ ಅಥವಾ ಸಿಟಲೋಪ್ರಾಮ್ ಜೊತೆಗೆ ಕೊಟ್ಟಾಗ ಆ ಔಷಧಗಳ ಪರಿಣಾಮವೂ ಹೆಚ್ಚಿತು. ಮ್ಯಾಸಚೂಸೆಟ್ಸ್‌ನ ಮೆಕ್‌ಲೀನ್ ಆಸ್ಪತ್ರೆಯಲ್ಲಿ ವಿಲಿಯಂ ಕಾರ್ಲೆಜಾನ್ ಅವರ ತಂಡ ಹಳೆಯ ಕಪ್ಪಾ ತಡೆಗಳಿಂದ ಇಲಿಗಳಲ್ಲಿ 2003ರಲ್ಲೇ ಇಂಥದ್ದನ್ನು ಕಂಡಿತ್ತು.

ಆದರೆ ನಿಮ್ಮ ಕೈಯಲ್ಲಿರುವ ಗಡಿಯಾರ ಅಳೆದದ್ದು ಏನನ್ನು? ತೇಲುವುದನ್ನು ‘ಹತಾಶೆ’ ಎಂದು ಕರೆದವರು ನಾವು. ಒದ್ದು ಪ್ರಯೋಜನವಿಲ್ಲವೆಂದು ತಿಳಿದ ಪ್ರಾಣಿ ಶಕ್ತಿ ಉಳಿಸಿಕೊಳ್ಳುತ್ತಿರಲೂಬಹುದು. ಹಾಗಿದ್ದರೆ ಬೇಗ ತೇಲಿದ್ದೇ ಜಾಣ. ಆಂಫೆಟಮಿನ್ ಕೊಟ್ಟರೂ ಚಿಟ್ಟಿಲಿ ಹೆಚ್ಚು ಒದೆಯುತ್ತದೆ, ಅದನ್ನು ಕಂಡು ಯಾರೂ ಖಿನ್ನತೆ ಗುಣವಾಯಿತು ಎನ್ನುವುದಿಲ್ಲ. ಮಾರುಕಟ್ಟೆಯಲ್ಲಿರುವ ಎಷ್ಟೋ ಖಿನ್ನತೆಯ ಔಷಧಗಳು ಈ ಪರೀಕ್ಷೆ ಗೆದ್ದಿವೆ ಎಂಬುದಷ್ಟೇ ಇದರ ಬಂಡವಾಳ. ಆ ಔಷಧಗಳಿಗೆ ಮನುಷ್ಯರಲ್ಲಿ ವಾರಗಳು ಬೇಕು, ಇಲ್ಲಿ ಒಂದು ಗುಟುಕಿಗೇ ಫಲ. 0.33 ಮಿಲಿಗ್ರಾಂ ಎಂಬ ಅಂಕಿಯ ಪಕ್ಕದಲ್ಲಿ ಈ ತೇಲಿದ ಸೆಕೆಂಡುಗಳನ್ನು ಇಟ್ಟು ಎರಡಕ್ಕೂ ಒಂದೇ ಬೆಲೆ ಕಟ್ಟಲು ನನಗಂತೂ ಮನಸ್ಸು ಬರುವುದಿಲ್ಲ.

ಹೊರಡುವ ಮುನ್ನ ದೊಡ್ಡ ಇಲಿಗಳ ಕೊಠಡಿಗೆ ಒಂದು ಹೆಜ್ಜೆ. ನೀರನ್ನೂ ಮದ್ಯವನ್ನೂ ಎದುರಿಟ್ಟರೆ ಮದ್ಯವನ್ನೇ ಆರಿಸಿಕೊಳ್ಳುವ ಇಲಿಗಳ ತಳಿ ಇದು, ಇದೇ ಊರಿನ ಇಂಡಿಯಾನಾ ವಿಶ್ವವಿದ್ಯಾಲಯದವರು ತಲೆಮಾರುಗಟ್ಟಲೆ ಆರಿಸಿ ಬೆಳೆಸಿದ್ದು. ಔಷಧ ಕೊಟ್ಟಾಗ ಅವು ಮದ್ಯಕ್ಕಾಗಿ ಸನ್ನೆಗೋಲು ಒತ್ತುವುದು ಕಡಿಮೆಯಾಯಿತು. ನಾಲ್ಕು ದಿನ ಬೆನ್ನುಬೆನ್ನಿಗೆ ಕೊಟ್ಟರೂ ಔಷಧದ ಬಲ ಕುಂದಲಿಲ್ಲ.

ಇಲ್ಲಿಂದ ಮುಂದಿನದು ಮನುಷ್ಯರದು, ಬೇಗ ದಾಟಿಬಿಡೋಣ. ಯೇಲ್ ವಿಶ್ವವಿದ್ಯಾಲಯದಲ್ಲಿ ಸ್ವಯಂಸೇವಕರನ್ನು ಪೆಟ್ ಸ್ಕ್ಯಾನರ್ ಒಳಗೆ ಮಲಗಿಸಿ, ಪ್ರಾಣಿಯ ಮಿದುಳು ಕತ್ತರಿಸಿ ಕೇಳಿದ್ದ ಪ್ರಶ್ನೆಯನ್ನೇ ಕತ್ತರಿಸದೆ ಕೇಳಿದರು. 10 ಮಿಲಿಗ್ರಾಂ ಮಾತ್ರೆ ನುಂಗಿ ಎರಡೂವರೆ ಗಂಟೆಯಾದಾಗ ಕಪ್ಪಾ ಸೀಟುಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ತುಂಬಿದ್ದವು. ಮರುದಿನ ಅದೇ ಹೊತ್ತಿಗೂ ಬಹುಪಾಲು ತುಂಬಿಯೇ ಇದ್ದವು. 2020ರಲ್ಲಿ ‘ನೇಚರ್ ಮೆಡಿಸಿನ್’ನಲ್ಲಿ ಬಂದ ಪರೀಕ್ಷೆಯಲ್ಲಿ 89 ಮಂದಿಗೆ 8 ವಾರ ಔಷಧ ಅಥವಾ ಸಪ್ಪೆ ಮಾತ್ರೆ. ಬಹುಮಾನ ಸಿಗಲಿದೆ ಎಂದಾಗ ಮಿದುಳಿನ ಸ್ಟ್ರಯಾಟಮ್ ಭಾಗ ಔಷಧ ಪಡೆದವರಲ್ಲಿ ಹೆಚ್ಚು ಎಚ್ಚೆತ್ತಿತು, ಯಾವುದರಲ್ಲೂ ರುಚಿಯಿಲ್ಲವೆಂಬ ದೂರೂ ತಗ್ಗಿತು. ಅಷ್ಟರಲ್ಲಿ ಔಷಧ ಜಾನ್ಸನ್ ಆಂಡ್ ಜಾನ್ಸನ್ ಕೈಗೆ ಬಂದಿತ್ತು. ಅವರು ಖಿನ್ನತೆಯ ರೋಗಿಗಳ ಮೇಲೆ ಮೂರನೆಯ ಹಂತದ ದೊಡ್ಡ ಪರೀಕ್ಷೆಗೆ ಇಳಿದರು. 2025ರ ಮಾರ್ಚ್‌ನಲ್ಲಿ ನಿಲ್ಲಿಸಿದರು: ಅಪಾಯವೇನೂ ಇಲ್ಲ, ಫಲ ಸಾಲದು. ಅದೇ ಜಾತಿಯ ಇನ್ನೊಂದು ಔಷಧ ನವಕಾಪ್ರಾಂಟ್ ಕೂಡ ಆ ವರ್ಷದ ಆರಂಭದಲ್ಲಿ ತನ್ನ ಮೊದಲ ದೊಡ್ಡ ಪರೀಕ್ಷೆಯಲ್ಲಿ ಸೋತಿತ್ತು.

ಔಷಧ ಮಿದುಳಿಗೆ ತಲುಪಲಿಲ್ಲ, ಪ್ರಮಾಣ ಕಡಿಮೆಯಾಯಿತು ಎಂಬ ಮಾಮೂಲಿ ಸಮಜಾಯಿಷಿ ಅಟಿಕಾಪ್ರಾಂಟ್‌ಗೆ ಒದಗುವುದಿಲ್ಲ. ಸೀಟು ತುಂಬಿತ್ತೆಂದು ಅಳೆದು ತೋರಿಸಿಯಾಗಿದೆ. ಹಾಗಾಗಿ ನಾನು ಮತ್ತೆ ಸಿಯಾಟಲ್‌ನ ವಿವರವೊಂದನ್ನು ನೋಡುತ್ತೇನೆ: ಅಲ್ಲಿ ಕಪ್ಪಾವನ್ನು ಮುಚ್ಚಿದ್ದು ಚಿಟ್ಟಿಲಿ ನೀರಿಗೆ ಬೀಳುವುದಕ್ಕೆ ಮುಂಚೆ. ಇಂಡಿಯಾನಾಪೊಲಿಸ್‌ನ ಗಾಜಿನ ಕೊಳವೆಗೂ ಪ್ರಾಣಿ ಔಷಧ ಕುಡಿದೇ ಬಂದಿತ್ತು. ಖಿನ್ನತೆಯ ರೋಗಿ ವೈದ್ಯರ ಬಾಗಿಲಿಗೆ ಬರುವುದು ನೀರಿನಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಕಳೆದ ಮೇಲೆ. ಬರಲಿರುವ ಕಹಿಯನ್ನು ತಡೆಯುವ ಔಷಧವನ್ನು ಬಂದು ನೆಲೆಸಿದ ಕಹಿಗೆ ಕೊಟ್ಟು ನೋಡಿದೆವೇ? ಹೌದಾದರೆ ಮುಂದಿನ ಚಿಟ್ಟಿಲಿಗೆ ಮೊದಲು ಈಜು, ಬಹಳ ದಿನ ಬಿಟ್ಟು ಔಷಧ; ಮತ್ತು ಅಳೆಯಬೇಕಾದದ್ದು ಅದು ಎಷ್ಟು ತೇಲಿತು ಎನ್ನುವುದನ್ನಲ್ಲ, ಸಕ್ಕರೆ ಬೆರೆಸಿದ ನೀರಿನ ಕಡೆಗೆ ಮತ್ತೆ ಹೋಯಿತೇ ಎನ್ನುವುದನ್ನು.