ಚಿಟಿಕೆ ಬೂದಿ

ಉಡುಪಿ ಕಡೆಯ ನಮ್ಮ ಮನೆಯಲ್ಲಿ ಒಲೆಯ ಬೂದಿಗೆ ಕೈತುಂಬ ಕೆಲಸವಿತ್ತು. ಹುಣಸೆಹುಳಿಯ ಜೊತೆ ಸೇರಿ ಹಿತ್ತಾಳೆ ಪಾತ್ರೆ ಬೆಳಗಬೇಕು, ತೆಂಗಿನ ನಾರಿಗೆ ಅಂಟಿಕೊಂಡು ಗಂಜಿ ಪಾತ್ರೆಯ ತಳದ ಮಸಿ ತೆಗೆಯಬೇಕು, ಬಿತ್ತನೆಗೆ ಎತ್ತಿಟ್ಟ ಅಲಸಂಡೆ ಬೀಜಕ್ಕೆ ಹುಳ ಹಿಡಿಯದ ಹಾಗೆ ಕಾಯಬೇಕು, ಬಸಳೆ ಚಪ್ಪರದ ಬುಡಕ್ಕೂ ಬೀಳಬೇಕು. ಕೈಗೆ ಸಿಗದೆ ಜಾರುವ ಮುಗುಡು ಮೀನನ್ನು ಹಿಡಿದು ಕೊಯ್ಯಲು ಅಜ್ಜಿಗೆ ಬೂದಿಯೇ ಆಗಬೇಕು. ಹೀಗೆ ವರ್ಷವಿಡೀ ದುಡಿಯುವ ಬೂದಿಗೆ ಹಣೆಗೇರುವ ಭಾಗ್ಯ ಮಾತ್ರ ಒಂದೇ ದಿನ. ಅದು ವಿಭೂತಿ ಬುಧವಾರ, ಕ್ರೈಸ್ತರ ತಪಸ್ಸುಕಾಲದ ಮೊದಲ ದಿನ. ಅಲ್ಲಿಂದ ಪಾಸ್ಕ (ಈಸ್ಟರ್) ಹಬ್ಬದವರೆಗೆ, ಭಾನುವಾರಗಳನ್ನು ಬಿಟ್ಟು ಎಣಿಸಿದರೆ, 40 ದಿನ.

ಇಗರ್ಜಿಯ ಬೂದಿ ಒಲೆಯದ್ದಲ್ಲ ಎನ್ನುವುದು ನಿಜ. ಹಿಂದಿನ ವರ್ಷದ ಗರಿಗಳ ಭಾನುವಾರ ಆಶೀರ್ವದಿಸಿ ಹಂಚಿದ ಗರಿಗಳನ್ನು ಸುಟ್ಟು ಅದನ್ನು ಮಾಡುತ್ತಾರೆ. ಯೇಸುವನ್ನು ಜೆರುಸಲೇಮಿನ ಜನ ಎದುರುಗೊಂಡದ್ದು ಖರ್ಜೂರದ ಗರಿ ಹಿಡಿದು. ನಮ್ಮೂರಲ್ಲಿ ಆ ಪಾತ್ರ ತೆಂಗಿನ ಎಳೆಗರಿಯದು. ಪೂಜೆ ಮುಗಿಯುವಷ್ಟರಲ್ಲಿ ಮಕ್ಕಳ ಕೈಯಲ್ಲಿ ಅದು ಗಿಣಿಯೋ ಕೈಗಡಿಯಾರವೋ ಆಗಿರುತ್ತಿತ್ತು. ದೊಡ್ಡವರು ಮಡಚಿದ ಶಿಲುಬೆ ದೇವರ ಪಟದ ಹಿಂದೆ ಸಿಕ್ಕಿಕೊಂಡು, ಮೇಣದ ಬತ್ತಿಯ ಹೊಗೆ ಕುಡಿದು, ಜೇಡನಿಗೂ ಒಂದಿಷ್ಟು ಜಾಗ ಕೊಟ್ಟು, ಒಣಗಿ ಕಂದಾಗಿ, ಮರುವರ್ಷ ಇಗರ್ಜಿಯ ಬುಟ್ಟಿ ಸೇರುತ್ತಿತ್ತು. ಗೋಣಿಗಟ್ಟಲೆ ಗರಿ ಸುಟ್ಟು ತೆಳು ಬಟ್ಟೆಯಲ್ಲಿ ಸೋಸಿದರೆ ಸಿಗುವುದು ಒಂದು ಬಟ್ಟಲು ಕಪ್ಪು ಪುಡಿ. ಊರಿನ ಅಷ್ಟೂ ಹಣೆಗೆ ಅದು ಧಾರಾಳ.

ಮೊದಲು ಈ ಬೂದಿ ಎಲ್ಲರ ಪಾಲಿಗೆ ಬರುತ್ತಿರಲಿಲ್ಲ. ಘೋರ ಪಾಪ ಮಾಡಿ ಬಹಿರಂಗ ಪ್ರಾಯಶ್ಚಿತ್ತಕ್ಕೆ ಒಳಗಾದವರು ಗೋಣಿಬಟ್ಟೆ ಉಟ್ಟು, ಬೂದಿ ಹಾಕಿಸಿಕೊಂಡು, ಇಗರ್ಜಿಯಿಂದ ಹೊರಗುಳಿಯುತ್ತಿದ್ದರು. ಪಾಸ್ಕದ ಹಿಂದಿನ ಗುರುವಾರ ಅವರನ್ನು ಮತ್ತೆ ಒಳಗೆ ಕರೆದುಕೊಳ್ಳುತ್ತಿದ್ದರು. ಸುಮಾರು ಸಾವಿರದ ಇಸವಿಯ ಹೊತ್ತಿಗೆ ಇಂಗ್ಲೆಂಡಿನಲ್ಲಿ ಬೂದಿ ಸಾಮಾನ್ಯರ ತಲೆಗೂ ಬಂದಿತ್ತು. ಅಲ್ಲಿನ ಆಲ್ಫ್ರಿಕ್ ಎಂಬ ಸನ್ಯಾಸಿ ಒಂದು ಪ್ರಸಂಗ ಬರೆದಿಟ್ಟಿದ್ದಾನೆ. ಒಬ್ಬ ಮೂರ್ಖ ಬೂದಿ ಹಾಕಿಸಿಕೊಳ್ಳುವುದಿಲ್ಲ ಎಂದು ಹಠ ಹಿಡಿದ. ಅದೇ ವಾರ ಕುದುರೆ ಏರಿ ಹೋಗುವಾಗ ನಾಯಿಗಳು ಮೇಲೆರಗಿ, ಆ ಗಡಿಬಿಡಿಯಲ್ಲಿ ತನ್ನ ಈಟಿಯೇ ತನ್ನನ್ನು ಇರಿದು ಸತ್ತ. ಚಿಟಿಕೆ ಬೂದಿ ಬೇಡವೆಂದವನ ಮೇಲೆ ಹೊರೆ ಹೊರೆ ಮಣ್ಣು ಬಿತ್ತು ಎಂದು ಆಲ್ಫ್ರಿಕ್ ತಣ್ಣಗೆ ಕಥೆ ಮುಗಿಸುತ್ತಾನೆ. 1091ರಲ್ಲಿ ಇಟಲಿಯ ಬೆನೆವೆಂಟೊದಲ್ಲಿ ಪೋಪ್ ಎರಡನೆಯ ಅರ್ಬನ್ ನಡೆಸಿದ ಸಭೆ, ಗುರುಗಳು ಗೃಹಸ್ಥರು ಗಂಡಸರು ಹೆಂಗಸರೆನ್ನದೆ ಎಲ್ಲರೂ ಬೂದಿ ಹಾಕಿಸಿಕೊಳ್ಳಬೇಕೆಂದಿತು. ಪಾಪಿಗಳ ಪಟ್ಟಿ ಮಾಡುವುದಕ್ಕಿಂತ ಊರಿಗೆ ಊರನ್ನೇ ಸೇರಿಸುವುದು ಸುಲಭ ಎಂದು ಯಾರಿಗಾದರೂ ಹೊಳೆದಿರಬೇಕು.

ಮತಸುಧಾರಣೆಯ ಗಾಳಿ ಎದ್ದಾಗ 1548ರಲ್ಲಿ ಅದೇ ಇಂಗ್ಲೆಂಡ್ ಬೂದಿಯನ್ನು ನಿಷೇಧಿಸಿತು. 1834ರಲ್ಲಿ ಮಂಗಳೂರಿಗೆ ಬಂದ ಪ್ರೊಟೆಸ್ಟಂಟ್ ಬಾಸೆಲ್ ಮಿಶನ್ನಿನ ಪರಂಪರೆಯ ಮನೆಯ ನನ್ನ ಗೆಳತಿಯೊಬ್ಬಳು ಶಾಲೆಯಲ್ಲಿ ಆ ದಿನ ನನ್ನ ಹಣೆ ನೋಡಿ, "ನಮ್ಮಲ್ಲಿ ಮನಸ್ಸಿಗೆ ಹಚ್ಚಿಕೊಳ್ಳುವುದು ಮಾರಾಯ್ತಿ" ಎನ್ನುತ್ತಿದ್ದಳು. ಆಗ ಸಿಟ್ಟು ಬರುತ್ತಿತ್ತು. ಆದರೆ ಅವಳ ಪಕ್ಷಕ್ಕೆ ಯೇಸುವೇ ಸಾಕ್ಷಿ. ಉಪವಾಸ ಮಾಡುವಾಗ ಮುಖ ಬಾಡಿಸಿಕೊಂಡು ತಿರುಗಬೇಡಿ, ತಲೆಗೆ ಎಣ್ಣೆ ಹಚ್ಚಿ ಮುಖ ತೊಳೆಯಿರಿ ಎನ್ನುವ ಮತ್ತಾಯನ ಶುಭಸಂದೇಶದ ಭಾಗವನ್ನು ನಾವು ಓದುವುದು ಬೂದಿ ಬಳಿದುಕೊಳ್ಳುವ ಅದೇ ಪೂಜೆಯಲ್ಲಿ!

ಬೆಂಗಳೂರಿಗೆ ಬಂದ ಮೇಲೆ ಆ ಮುಜುಗರವೂ ಹೋಯಿತು. ಬೆಳಗಿನ ಪೂಜೆ ಮುಗಿಸಿ ಬಸ್ಸು ಹತ್ತಿದರೆ ಎಡಕ್ಕೆ ನಾಮ, ಬಲಕ್ಕೆ ಕುಂಕುಮ, ಕಂಡಕ್ಟರ ಹಣೆಯಲ್ಲಿ ಮೂರು ಗೆರೆ. ನನ್ನ ಕಪ್ಪು ಶಿಲುಬೆಯನ್ನು ತಿರುಗಿ ನೋಡುವವರಿಲ್ಲ. ಒಮ್ಮೆ ಆಫೀಸಿನ ಹಿರಿಯರೊಬ್ಬರು, "ಯಾವ ದೇವಸ್ಥಾನಕ್ಕೆ ಹೋಗಿದ್ದಿರಿ ಮೇಡಂ?" ಎಂದು ವಿಚಾರಿಸಿದರು. 2021ರಲ್ಲಿ, ಕೊರೊನಾ ಕಾಲದಲ್ಲಿ, ಹಣೆ ಮುಟ್ಟದೆ ತಲೆಯ ಮೇಲೆ ಉದುರಿಸಿ ಎಂದು ವ್ಯಾಟಿಕನ್ ಸೂಚಿಸಿತ್ತು. ಇಟಲಿಯಲ್ಲಿ ಹಳೆಯ ಪದ್ಧತಿ ಅದೇ. ಆ ವರ್ಷ ನಮ್ಮ ಪಶ್ಚಾತ್ತಾಪ ತಲೆಹೊಟ್ಟಿನ ಹಾಗೆ ಕಾಣುತ್ತಿತ್ತು.

ಇನ್ನು ಉಪವಾಸ. ಹಾಲು ಮೊಟ್ಟೆಗಳೂ ವರ್ಜ್ಯವಾಗಿದ್ದ ಕಾಲವೊಂದು ಯುರೋಪಿನಲ್ಲಿತ್ತು. 1966ರಲ್ಲಿ ಪೋಪ್ ಆರನೆಯ ಪೌಲರು ನಿಯಮ ಸಡಿಲಿಸಿದ ಮೇಲೆ ಕಡ್ಡಾಯ ಉಪವಾಸ ಎರಡೇ ದಿನ: ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ. ತಪಸ್ಸುಕಾಲದ ಉಳಿದ ಶುಕ್ರವಾರಗಳಲ್ಲಿ ಮಾಂಸ ಬಿಟ್ಟರಾಯಿತು. ಮೀನು ಮಾಂಸದ ಲೆಕ್ಕಕ್ಕಿಲ್ಲ. ಕರಾವಳಿಯವರಿಗೆ ಇದಕ್ಕಿಂತ ದೊಡ್ಡ ಕೃಪೆ ಯಾವುದು? ಕೋಳಿ ತ್ಯಾಗ ಮಾಡಿದ ಮನೆಗೆ ಅಂಜಲ್ ಬರುತ್ತದೆ, ತ್ಯಾಗದ ಭಾರವೆಲ್ಲ ಪರ್ಸಿನ ಮೇಲೆ ಬೀಳುತ್ತದೆ. ಅಜ್ಜಿಯದು ನಿಜವಾದ ತ್ಯಾಗ. ಅವರು ಎಲೆಅಡಿಕೆ ಬಿಡುತ್ತಿದ್ದರು. ಆ ದಿನಗಳಲ್ಲಿ ಅವರ ಎದುರು ಸುಳಿಯುವುದೇ ಮನೆಮಂದಿಗೆಲ್ಲ ಪ್ರಾಯಶ್ಚಿತ್ತ.

ವಿಭೂತಿ ಬುಧವಾರ ಕಳೆದ ಮೊದಲ ಶುಕ್ರವಾರ ಪ್ರವಾದಿ ಯೆಶಾಯನ ವಾಚನವಿದೆ. ಉಪವಾಸವೂ ಮಾಡುತ್ತೀರಿ, ಅದೇ ದಿನ ಆಳುಗಳನ್ನು ಹಿಂಡುತ್ತೀರಿ, ಜಗಳಕ್ಕೂ ನಿಲ್ಲುತ್ತೀರಿ, ಬೂದಿಯಲ್ಲಿ ಹೊರಳಿದರೆ ಅದು ಉಪವಾಸವೇ ಎಂದು ಆತ ಕೇಳುತ್ತಾನೆ. ಸ್ನಾನಿಕ ಯೊವಾನ್ನನೂ ಅದೇ ಜಾತಿಯವನು. ಪಶ್ಚಾತ್ತಾಪಕ್ಕೆ ತಕ್ಕ ಫಲ ಕೊಡಿ ಎಂದು ಗದರಿಸಿದಾಗ ಜನ, "ಹಾಗಾದರೆ ಏನು ಮಾಡೋಣ?" ಎಂದರು. ಬೂದಿಯ ಸುದ್ದಿ, ಗೋಣಿಬಟ್ಟೆಯ ಸುದ್ದಿ ಅವನು ಎತ್ತಲಿಲ್ಲ. ಎರಡು ಅಂಗಿ ಇದ್ದವನು ಇಲ್ಲದವನಿಗೆ ಒಂದು ಕೊಡಲಿ, ಸುಂಕದವನು ಹೆಚ್ಚು ವಸೂಲು ಮಾಡದಿರಲಿ, ಸೈನಿಕನು ಸುಲಿಯದೆ ತನ್ನ ಸಂಬಳದಲ್ಲಿ ತೃಪ್ತನಾಗಿರಲಿ ಎಂದ. ಎಲ್ಲವೂ ದಿನದ ಸಂಪಾದನೆಗೆ ಕೈಹಾಕುವ ಮಾತುಗಳು. ಮೂರು ವರ್ಷ ಕಾಯಿಬಿಡದ ಅಂಜೂರದ ಮರವನ್ನು ಕಡಿಯಹೊರಟ ಯಜಮಾನನ ಬಗ್ಗೆ ಯೇಸು ಹೇಳಿದ ಸಾಮತಿಯಲ್ಲೂ ತೋಟಗಾರ ಕೇಳುವುದು ಇನ್ನೊಂದು ವರ್ಷದ ಗಡುವು, ಬುಡ ಅಗೆದು ಗೊಬ್ಬರ ಹಾಕಲು. ಬೂದಿ ಬಸಳೆಯ ಬುಡಕ್ಕೆ ಬಿದ್ದರೇ ಚಪ್ಪರ ತುಂಬುವುದು, ಎಲೆಗೆ ಬಳಿದರೆ ಎಲೆ ಬೆಳ್ಳಗೆ ಕಾಣುತ್ತದೆ ಅಷ್ಟೆ.

ಯೆಶಾಯನ ಆಳುಗಳ ಮಾತು ಒಂದು ವರ್ಷ ನನ್ನ ಅಡುಗೆಮನೆಯವರೆಗೂ ಬಂತು. ನನ್ನ ಉಪವಾಸದ ಗಂಜಿ ಬೇಯಿಸಲೂ ಅಡುಗೆಯಾಕೆ ಬೆಳಿಗ್ಗೆ ಆರಕ್ಕೆ ಎರಡು ಬಸ್ಸು ಹಿಡಿದು ಬರುತ್ತಿದ್ದಳು. ತಪಸ್ಸುಕಾಲ ಮುಗಿಯುವವರೆಗೆ ಭಾನುವಾರ ಬರಬೇಡ, ಸಂಬಳ ಮುರಿಯುವುದಿಲ್ಲ ಎಂದೆ. ಆಕೆ ಅನುಮಾನದಿಂದಲೇ ಒಪ್ಪಿದಳು. ಪಾಸ್ಕ ಬಂತು, ಕೋಳಿ ಸುಕ್ಕ ಮೇಜಿಗೆ ಮರಳಿತು. ಮುಂದಿನ ಭಾನುವಾರದ ಮಾತೆತ್ತಿದೆ. "ಅಕ್ಕಾ, ಭಾನುವಾರ ಮಗಳನ್ನು ಹೊಲಿಗೆ ಕ್ಲಾಸಿಗೆ ಕರೆದುಕೊಂಡು ಹೋಗಬೇಕು. ಆರು ತಿಂಗಳ ಫೀಸು ಕಟ್ಟಿಬಿಟ್ಟಿದ್ದೇನೆ" ಎಂದಳು. ರಜೆ ಇಂದಿಗೂ ನಡೆದಿದೆ. ಭಾನುವಾರ ಮೀನು ಕೊಯ್ಯುವ ಸರದಿ ಈಗ ನನ್ನದು.