ಕುದುರೆ ಏರಬಾರದ ದೊರೆ

ಸುಮಾರು 3,800 ವರ್ಷಗಳ ಹಿಂದೆ ಯೂಫ್ರೆಟಿಸ್ ದಂಡೆಯ ಮಾರಿ ನಗರದಲ್ಲಿ ಬಹ್ದಿ-ಲಿಮ್ ಎಂಬ ಹಿರಿಯ ಅಧಿಕಾರಿ ತನ್ನ ದೊರೆ ಜಿಮ್ರಿ-ಲಿಮ್‌ಗೆ ಜೇಡಿಮಣ್ಣಿನ ಹಲಗೆಯ ಮೇಲೊಂದು ಓಲೆ ಬರೆಸಿದ. (ಊರ ಮಾರಿಯಮ್ಮನಿಗೂ ಈ ಹೆಸರಿಗೂ ನಂಟಿಲ್ಲ.) ತಾವು ಕುದುರೆ ಏರಿ ಬರುವುದು ಬೇಡ, ಪಲ್ಲಕ್ಕಿಯಲ್ಲೋ ಹೇಸರಗತ್ತೆಗಳ ಜೊತೆಯಲ್ಲೋ ಬನ್ನಿ ಎಂಬುದು ಅದರ ತಿರುಳು. ಕಾರಣವನ್ನೂ ಕೊಟ್ಟಿದ್ದ: ತಾವು ಹನಾ ಜನರ ದೊರೆ, ಅದರ ಜೊತೆಗೆ ಅಕ್ಕಾಡಿಯನ್ನರ ದೊರೆಯೂ ಹೌದು, ಕಿರೀಟದ ಮರ್ಯಾದೆ ಉಳಿಯಬೇಕು.

ಹನಾ ಎಂದರೆ ಕುರಿಮಂದೆಗಳ ಜೊತೆ ಸಾಗುವ, ಡೇರೆಗಳಲ್ಲಿ ವಾಸಿಸುವ ಜನ. ಅಕ್ಕಾಡಿಯನ್ನರೆಂದರೆ ಇಲ್ಲಿ ನದಿಯಂಚಿನ ಊರು-ಪೇಟೆಗಳವರು, ಬಾರ್ಲಿ ಬೆಳೆಯುವವರು. ಜಿಮ್ರಿ-ಲಿಮ್ ಹುಟ್ಟಿನಿಂದ ಮೊದಲನೆಯ ಪಂಗಡದವನು, ಕೂತದ್ದು ಎರಡನೆಯವರ ಅರಮನೆಯಲ್ಲಿ. ಅವನ ಬಿರುದಿನಲ್ಲಿ ಎರಡೂ ಇದ್ದವು: ಮಾರಿಯ ಮತ್ತು ಹನಾ ನಾಡಿನ ಅರಸ. ಊರಿನವರು ಒಂದು ಕಡೆ, ಅಲೆಮಾರಿಗಳು ಇನ್ನೊಂದು ಕಡೆ, ನಡುವೆ ಶಾಶ್ವತ ಯುದ್ಧ ಎಂಬ ಶಾಲಾ ಪುಸ್ತಕದ ಚಿತ್ರ ಈ ಒಂದು ಬಿರುದಿನ ಮುಂದೆಯೇ ಕುಸಿಯುತ್ತದೆ.

ಮಾರಿ ಇರುವುದು ಇಂದಿನ ಸಿರಿಯಾದಲ್ಲಿ, ಇರಾಕ್ ಗಡಿಯ ಹತ್ತಿರ. ದಿಬ್ಬದ ಈಗಿನ ಹೆಸರು ತೆಲ್ ಹರೀರಿ. 1933ರಲ್ಲಿ, ಸಮಾಧಿಗೆ ಕಲ್ಲು ಹುಡುಕುತ್ತಿದ್ದ ಬೆದೂಯಿನ್ ಜನರಿಗೆ ಅಲ್ಲಿ ಒಂದು ವಿಗ್ರಹ ಸಿಕ್ಕಿತು. ಆಂಡ್ರೆ ಪಾರೋ ನೇತೃತ್ವದಲ್ಲಿ ಫ್ರೆಂಚರು ಅಗೆಯಲು ತೊಡಗಿದರು. ಅರಮನೆಯಿಂದ ಬಂದ ಹಲಗೆಗಳು ಇಪ್ಪತ್ತು ಸಾವಿರಕ್ಕೂ ಹೆಚ್ಚು. ಪ್ರಾಚೀನ ಪಶುಪಾಲಕರ ದಿನನಿತ್ಯದ ಬದುಕು ಇಷ್ಟು ಹತ್ತಿರದಿಂದ ಕಾಣುವುದು ಅಪರೂಪ. ಆದರೆ ಬರೆದವರೆಲ್ಲ ಅರಮನೆಯ ಲಿಪಿಕಾರರು ಎಂಬುದನ್ನು ಓದುವಾಗ ಮರೆಯುವಂತಿಲ್ಲ.

ಆ ಸೀಮೆಯಲ್ಲಿ ವರ್ಷಕ್ಕೆ 200 ಮಿಲಿಮೀಟರ್ ಮಳೆಯೂ ಬೀಳದು. ಕಾಲುವೆ ನೀರು ಹರಿದಷ್ಟೇ ಹೊಲ, ಆಚೆಗೆ ಹುಲ್ಲುಗಾವಲು. ಚಳಿಗಾಲದ ಮಳೆ ಬಿದ್ದ ಮೇಲೆ ಅದು ಕೆಲವು ತಿಂಗಳು ಹಸಿರಾಗುತ್ತದೆ, ಮಂದೆಗಳು ಅತ್ತ ಹೋಗುತ್ತವೆ. ಬಿಸಿಲು ಏರಿ ಹುಲ್ಲು ಒಣಗುವ ಹೊತ್ತಿಗೆ ನದಿಯಂಚಿನಲ್ಲಿ ಕೊಯ್ಲು ಮುಗಿದಿರುತ್ತದೆ. ಆಗ ಕುರಿಗಳು ಕೂಳೆ ಮೇಯುತ್ತವೆ, ಹೊಲಕ್ಕೆ ಗೊಬ್ಬರ ಬೀಳುತ್ತದೆ. ಪುಣೆಯ ಆಸುಪಾಸಿನ ಧನಗರರನ್ನೋ ಉತ್ತರ ಕರ್ನಾಟಕದ ಕುರುಬರನ್ನೋ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಂದೆ ಒಂದು ರಾತ್ರಿ ಹೊಲದಲ್ಲಿ ತಂಗಿದರೆ ರೈತ ಕಾಳನ್ನೋ ದುಡ್ಡನ್ನೋ ಕೊಡುತ್ತಾನೆ. ಕುರಿಯವರಿಗೆ ಧಾನ್ಯ ಬೇಕು, ಊರಿನವರಿಗೆ ಉಣ್ಣೆ ಬೇಕು. ಉಣ್ಣೆಯೆಂದರೆ ಮೆಸೊಪೊಟೇಮಿಯಾದಲ್ಲಿ ಸಣ್ಣ ಮಾತಲ್ಲ, ಅರಮನೆ-ಗುಡಿಗಳ ಆಳುಗಳಿಗೆ ಕೂಲಿಯ ಒಂದು ಭಾಗ ಉಣ್ಣೆಯಲ್ಲೇ ಸಲ್ಲುತ್ತಿತ್ತು.

ಈ ಓಲೆಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಪದ 'ನವೂಮ್'. ಹುಲ್ಲುಗಾವಲು, ಅಲ್ಲಿ ಮೇಯುವ ಮಂದೆ, ಮಂದೆಯ ಜೊತೆಗಿನ ಬೀಡು, ಮೂರಕ್ಕೂ ಅದೇ ಪದ. ಇಂಗ್ಲಿಷಿನಲ್ಲಿ ಇದಕ್ಕೆ ಒಂದೇ ಮಾತು ಹುಡುಕುವವರು ಒದ್ದಾಡುತ್ತಾರೆ. ಕನ್ನಡದ ಹಟ್ಟಿ ಬಹಳ ಹತ್ತಿರ ಹೋಗುತ್ತದೆ: ದನ-ಕುರಿಗಳ ದೊಡ್ಡಿಯೂ ಹಟ್ಟಿ, ಜನ ಇರುವ ಕೇರಿಯೂ ಹಟ್ಟಿ, ಊರ ಹೆಸರಿನ ಕೊನೆಯಲ್ಲೂ ಹಟ್ಟಿ. ತೊಂದರೆ ಕೊಡುವುದು 'ಅಲೆಮಾರಿ' ಎಂಬ ಪದ. ಅದರಲ್ಲಿ ಗೊತ್ತುಗುರಿಯಿಲ್ಲದೆ ತಿರುಗುವ ಅರ್ಥ ಅಂಟಿಕೊಂಡಿದೆ, ತುಸು ಅನುಮಾನವೂ ಸೇರಿದೆ. ಮಂದೆಯವರದು ತಿರುಗಾಟವಲ್ಲ, ತಿಂಗಳು ಲೆಕ್ಕಹಾಕಿ ನಡೆಯುವ ದಾರಿ. ಮಾರಿಯ ಆಡಳಿತದಲ್ಲಿ ಹುಲ್ಲುಗಾವಲಿಗೆಂದೇ 'ಮೆರ್ಹೂಮ್' ಎಂಬ ಅಧಿಕಾರಿ ಇದ್ದ. ಹುದ್ದೆ ಹುಟ್ಟುವಷ್ಟು ವ್ಯವಸ್ಥೆಯಿದ್ದ ಬದುಕನ್ನು ಅಲೆದಾಟ ಎನ್ನುವುದು ಅನುವಾದದ ಸೋಮಾರಿತನ.

ಇನ್ನೊಂದು ಪದಜೋಡಿ ಇನ್ನೂ ಸೊಗಸು. ಪಶುಪಾಲಕರಲ್ಲಿ ದೊಡ್ಡ ಬಣಗಳು ಎರಡು, ಸಿಮಾಲರು ಮತ್ತು ಯಮಿನರು, ಅಂದರೆ ಎಡದ ಮಕ್ಕಳು, ಬಲದ ಮಕ್ಕಳು. ಮೂಡಣಕ್ಕೆ ಮುಖಮಾಡಿ ನಿಂತರೆ ಎಡಕ್ಕೆ ಬಡಗಣ, ಬಲಕ್ಕೆ ತೆಂಕಣ. ಬಲ ಎಂಬರ್ಥದ ಈ ಧಾತುವೇ ಯೆಮೆನ್ ದೇಶದ ಹೆಸರಿನಲ್ಲೂ ಬೆಂಜಮಿನ್ ಎಂಬ ಹೆಸರಿನಲ್ಲೂ ಇದೆ. ಸಂಸ್ಕೃತದ ದಕ್ಷಿಣಕ್ಕೂ ಬಲ, ತೆಂಕಣ ಎರಡೂ ಅರ್ಥ. ಪ್ರದಕ್ಷಿಣೆಯಲ್ಲಿ ದೇವರು ಬಲಗಡೆ ಇರುವುದು, ದಖ್ಖನ್ ಎಂಬ ಹೆಸರು ಹುಟ್ಟಿದ್ದು, ಎರಡೂ ಇದೇ ಲೆಕ್ಕದಲ್ಲಿ. ಭಾಷಾಕುಟುಂಬ ಬೇರೆ, ಸೂರ್ಯನಿಗೆ ಎದುರು ನಿಲ್ಲುವ ಅಭ್ಯಾಸ ಒಂದೇ.

ಹಾಗೆಂದು ಎಲ್ಲವೂ ಕೊಡುಕೊಳ್ಳುವಿಕೆಯ ಸುಖವಾಗಿರಲಿಲ್ಲ. ಯಮಿನರು ಜಿಮ್ರಿ-ಲಿಮ್ ಪಟ್ಟಕ್ಕೆ ಬಂದ ಆರಂಭದ ವರ್ಷಗಳಲ್ಲೇ ದಂಗೆ ಎದ್ದರು. ಅವರಲ್ಲೂ ಅನೇಕರಿಗೆ ನದಿಯಂಚಿನಲ್ಲಿ ಸ್ವಂತ ಹಳ್ಳಿಗಳಿದ್ದವು, ಆದ್ದರಿಂದ ಇದು ಡೇರೆಗೂ ಮನೆಗೂ ನಡೆದ ಜಗಳವಲ್ಲ. ಜಗಳ ಹೆಚ್ಚಾಗಿ ಏಳುತ್ತಿದ್ದುದು ತಲೆ ಎಣಿಸುವಲ್ಲಿ. ಹೆಸರು ಪಟ್ಟಿಗೆ ಹತ್ತಿದರೆ ದಂಡಿಗೆ ಹೋಗಬೇಕು. ಒಮ್ಮೆ ಗೊತ್ತುಮಾಡಿದ ದಿನ ಕಳೆದು ಐದು ದಿನವಾದರೂ ಹನಾ ಪಡೆ ಸೇರಲಿಲ್ಲ. ಕುದುರೆಯ ಘನತೆ ಕುರಿತು ಅಷ್ಟು ನಯವಾಗಿ ಬರೆದ ಅದೇ ಬಹ್ದಿ-ಲಿಮ್ ಆಗ ಕೊಟ್ಟ ಸಲಹೆ: ಸೆರೆಯಲ್ಲಿರುವ ಒಬ್ಬ ಅಪರಾಧಿಯ ತಲೆ ಕಡಿಸಿ ಬೀಡಿನಿಂದ ಬೀಡಿಗೆ ಹೊತ್ತು ತೋರಿಸೋಣ, ಹೆದರಿ ಬಂದು ಸೇರುತ್ತಾರೆ. ನಡೆದಾಡುವ ಜನರನ್ನು ಪಟ್ಟಿಗೆ ತರುವ ಆತುರ ಆಳುವವರಿಗೆ ಯಾವತ್ತೂ ಇದ್ದದ್ದೇ. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಭಾರತದಲ್ಲಿ ಎಷ್ಟೋ ಸಂಚಾರಿ ಸಮುದಾಯಗಳನ್ನು ಹುಟ್ಟಾ ಅಪರಾಧಿಗಳೆಂದು ದಾಖಲಿಸಿತು. 1952ರಲ್ಲಿ ಕಾಯ್ದೆ ಹೋಯಿತು, ಪೊಲೀಸರ ಅನುಮಾನ ಹೋಗಲಿಲ್ಲ.

ಮಾರಿಯ ಈ ಓಲೆಗಳಿಗಿಂತ ಎರಡೂವರೆ ಶತಮಾನ ಮೊದಲು ತೆಂಕಣದ ಊರ್ ನಗರದ ಅರಸ ಶು-ಸಿನ್ ಇಂಥದೇ ಜನರನ್ನು ತಡೆಯಲು ಒಂದು ಗೋಡೆ ಕಟ್ಟಿಸಿ, ಆಳ್ವಿಕೆಯ ಒಂದು ವರ್ಷಕ್ಕೆ ಆ ಗೋಡೆಯ ಹೆಸರನ್ನೇ ಇಟ್ಟ. ತಡೆಯಬೇಕಾಗಿದ್ದವರು ಮಾರ್ತು, ಅಂದರೆ ಪಡುವಣದ ಅಮೋರೈಟರು. ಕೊನೆಗೆ ಊರ್ ನಗರವನ್ನು ಸೂರೆಗೈದವರು ಮೂಡಣದಿಂದ ಬಂದ ಎಲಾಮಿನವರು. ಮುಂದಿನ ಶತಮಾನಗಳಲ್ಲಿ ಮೆಸೊಪೊಟೇಮಿಯಾದ ಸಿಂಹಾಸನಗಳ ಮೇಲೆ ಒಂದರ ಹಿಂದೊಂದು ಅಮೋರೈಟ್ ಹೆಸರುಗಳು ಕಾಣಿಸಿಕೊಂಡವು. ಕಾನೂನು ಕೊರೆಸಿದ ಹಮ್ಮುರಾಬಿಯ ವಂಶವೂ ಅದೇ. ಮಾರಿಯನ್ನು ಗೆದ್ದು ನೆಲಸಮ ಮಾಡಿದವನೂ ಅವನೇ.

ಮಾರ್ತುವಿನ ಮದುವೆಯ ಬಗ್ಗೆ ಒಂದು ಸುಮೇರಿಯನ್ ಕಾವ್ಯವಿದೆ. ಮಾರ್ತು ಎಂಬ ದೇವ ನಗರದ ಹಬ್ಬದಲ್ಲಿ ಕುಸ್ತಿ ಗೆದ್ದು, ಬಹುಮಾನದ ಬೆಳ್ಳಿ ಬೇಡವೆಂದು ಅಲ್ಲಿನ ದೇವರ ಮಗಳನ್ನು ಕೇಳುತ್ತಾನೆ. ಗೆಳತಿ ಅವಳನ್ನು ತಡೆಯುತ್ತಾಳೆ: ಡೇರೆಯಲ್ಲಿ ಇರುವವರು, ಹಸಿ ಮಾಂಸ ತಿನ್ನುವವರು, ಬಾಳಿನುದ್ದಕ್ಕೂ ಮನೆಯಿಲ್ಲದವರು, ಸತ್ತರೆ ಮಣ್ಣು ಮಾಡುವ ಜಾಗಕ್ಕೂ ಒಯ್ಯದವರು, ನೆಲ ಅಗೆದು ಅಣಬೆ ತಿನ್ನುವವರು. ಹುಡುಗಿ ಎಲ್ಲ ಕೇಳಿಸಿಕೊಂಡು, ಅವನನ್ನೇ ಮದುವೆಯಾಗುತ್ತೇನೆ ಎನ್ನುತ್ತಾಳೆ. ಗೆಳತಿಯ ಆ ಮಾತುಗಳನ್ನು ಮಾತ್ರ ಕಿತ್ತು, ಪಶುಪಾಲಕರ ಬದುಕಿಗೆ ಸಾಕ್ಷಿ ಎಂಬಂತೆ ಎಷ್ಟೋ ಪುಸ್ತಕಗಳು ಬಳಸಿವೆ. ಹುಡುಗಿಯ ಉತ್ತರವನ್ನು ಬಿಟ್ಟಿವೆ.

ಆ ಅಣಬೆ ಮಳೆಯಾದ ಮೇಲೆ ಹುಲ್ಲುಗಾವಲಿನ ನೆಲದೊಳಗೆ ಗಡ್ಡೆಯಂತೆ ಬೆಳೆಯುವ ಟ್ರಫಲ್. ಜಿಮ್ರಿ-ಲಿಮ್‌ಗೆ ಅದು ಬಲು ಇಷ್ಟ. ಸಗ್ಗರಾತುಮ್ ಊರಿನ ಅಧಿಕಾರಿ ಯಕ್ಕಿಮ್-ಅದ್ದು ಅದನ್ನು ಅರಮನೆಗೆ ಕಳಿಸುತ್ತಲೇ ಇದ್ದ. ಕಳಿಸಿದ್ದು ಚೆನ್ನಾಗಿಲ್ಲ ಎಂದು ದೊರೆಯಿಂದ ದೂರು ಬಂತು. ಅದಕ್ಕೆ ಅವನು ಬರೆದ ಉತ್ತರ ಉಳಿದಿದೆ: ದಣಿಗಳು ಕೋಪಿಸಿಕೊಳ್ಳಬಾರದು, ಅವರು ಆರಿಸಿ ತಂದದ್ದನ್ನೇ ಕಳಿಸಿದ್ದೇನೆ.